ಮಗನ ಗೇಮ್ ಹುಚ್ಚಿಗೆ ಮೆದುಳಿನ ಸ್ಕ್ಯಾನ್ ಮಾಡಿಸಬೇಕಾ? ಕೊಡಗಿನಲ್ಲಿ ಯಾರಿಗೆ ತೋರಿಸೋದು?

ಸಿದ್ದಾಪುರದ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 15 ವರ್ಷ, ಹತ್ತನೇ ಕ್ಲಾಸು. ನಮ್ಮ ಮನೆ ಸಿದ್ದಾಪುರದಿಂದ ಒಳಗೆ, ತೋಟದ ನಡುವೆ. ಹೋದ ಮಳೆಗಾಲದ ರಜೆಯಲ್ಲಿ ಫೋನಿನಲ್ಲಿ ಗುಂಡು ಹಾರಿಸೋ ಆಟ ಶುರು ಮಾಡಿದ, ನಾಲ್ಕು ಜನ ಟೀಮ್ ಮಾಡಿಕೊಂಡು ಆಡೋದು. ಈಗ ರಾತ್ರಿ ಒಂದು, ಎರಡು ಗಂಟೆ ಆದರೂ ಮಲಗಲ್ಲ. ಬೆಳಿಗ್ಗೆ ಸ್ಕೂಲ್ ಬಸ್ಸಿಗೆ ಎಬ್ಬಿಸೋದೇ ದೊಡ್ಡ ಯುದ್ಧ. ಮಾರ್ಕ್ಸ್ ಇಳಿದಿದೆ, ಊಟಕ್ಕೆ ಜೊತೆಯಲ್ಲಿ ಕೂರಲ್ಲ.

ವೈಫೈ ಆಫ್ ಮಾಡಿದರೆ ಗೇಟಿನ ಹತ್ತಿರದ ಮೋರಿ ಮೇಲೆ ಹೋಗಿ ನಿಲ್ಲುತ್ತಾನೆ. ಅಲ್ಲಿ ಮಾತ್ರ ಸ್ವಲ್ಪ ರೇಂಜ್ ಸಿಗುತ್ತದೆ. ಮಳೆ ಬಂದರೆ ಕೊಡೆಯ ಹಿಡಿಯನ್ನು ಕುತ್ತಿಗೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಎರಡೂ ಹೆಬ್ಬೆರಳಲ್ಲಿ ಆಡುತ್ತಾ ಇರುತ್ತಾನೆ. ಅಂಗಿಯ ಒಂದು ತೋಳು ಪೂರ್ತಿ ಒದ್ದೆಯಾಗಿದ್ದರೂ ಅವನಿಗೆ ಗೊತ್ತೇ ಆಗಲ್ಲ. ಆನೆ ದಾಟೋ ಜಾಗ ಅದು. ನನಗೆ ಜೀವವೇ ಹೋದ ಹಾಗಾಗುತ್ತದೆ.

ಮೊನ್ನೆ ಅವನೇ ಅತ್ತುಬಿಟ್ಟ. "ನಿಲ್ಲಿಸ್ಬೇಕು ಅಂತ ನಾನೇ ಅಂದ್ಕೊಳ್ತೀನಿ ಅಮ್ಮ, ಆಗಲ್ಲ" ಅಂದ. ಅವರಪ್ಪ ಇದೆಲ್ಲಾ ನಾಟಕ ಅಂತಾರೆ. ಅಷ್ಟರಲ್ಲಿ ನಮ್ಮ ಸಂಬಂಧಿಕರೊಬ್ಬರು ಒಂದು ವಿಡಿಯೋ ಕಳಿಸಿದ್ದಾರೆ. ಗೇಮ್ ಆಡೋ ಮಕ್ಕಳ ಮೆದುಳಿನ ಕನೆಕ್ಷನ್ನೇ ಕಟ್ ಆಗುತ್ತದೆ, 25 ವರ್ಷ ಆದಮೇಲೆ ಸರಿ ಮಾಡೋಕಾಗಲ್ಲ ಅಂತ ಕೆಂಪು ನೀಲಿ ಬಣ್ಣದ ಮೆದುಳಿನ ಚಿತ್ರ ತೋರಿಸಿದ್ದಾರೆ. ಅದನ್ನು ನೋಡಿದ ಮೇಲೆ ನಿದ್ದೆ ಇಲ್ಲ. ಮೈಸೂರಿಗೆ ಕರೆದುಕೊಂಡು ಹೋಗಿ ಎಂಆರ್‌ಐ ಮಾಡಿಸಬೇಕಾ? ನಿಜವಾಗಲೂ ಅವನ ಕೈಯಲ್ಲಿ ನಿಲ್ಲಿಸೋಕೆ ಆಗ್ತಿಲ್ವಾ, ಇಲ್ಲ ಮನಸ್ಸು ಮಾಡ್ತಿಲ್ವಾ? ಗೊತ್ತಿರುವವರು ದಯವಿಟ್ಟು ಹೇಳಿ.

ಗೋಣಿಕೊಪ್ಪದ ಹುಡುಗಿ

ಅಕ್ಕ, ಸ್ಕ್ಯಾನ್ ಬೇಡ. ಮೊದಲು ಅದನ್ನು ಹೇಳಿಬಿಡ್ತೀನಿ. ನಾನು ಡಾಕ್ಟರ್ ಅಲ್ಲ, ಆದರೆ ಬೆಂಗಳೂರಿನಲ್ಲಿ ಮೆದುಳಿನ ಎಂಆರ್‌ಐ ಡೇಟಾ ಲೆಕ್ಕ ಹಾಕೋದೇ ನನ್ನ ಕೆಲಸ, ಆದ್ದರಿಂದ ಆ ಕೆಂಪು ನೀಲಿ ಚಿತ್ರ ಹೇಗೆ ಬರುತ್ತದೆ ಅಂತ ಚೆನ್ನಾಗಿ ಗೊತ್ತು.

ಅದು ಯಾವುದೋ ಒಬ್ಬ ಹುಡುಗನ ಮೆದುಳಿನ ಫೋಟೋ ಅಲ್ಲ. ಗೇಮ್ ಚಟ ಇರುವ ಒಂದು ಗುಂಪು, ಇಲ್ಲದ ಒಂದು ಗುಂಪು, ಎರಡನ್ನೂ ಸ್ಕ್ಯಾನ್ ಮಾಡಿ ಸರಾಸರಿಯಲ್ಲಿ ಎಲ್ಲೆಲ್ಲಿ ವ್ಯತ್ಯಾಸ ಇದೆಯೋ ಅಲ್ಲಿ ಬಣ್ಣ ತುಂಬಿರುತ್ತಾರೆ. ಒಬ್ಬೊಬ್ಬರನ್ನೇ ತೆಗೆದು ನೋಡಿದರೆ ಚಟ ಇಲ್ಲದ ಎಷ್ಟೋ ಮಕ್ಕಳು ಚಟ ಇರುವವರ ಹಾಗೇ ಕಾಣುತ್ತಾರೆ, ಅವರು ಇವರ ಹಾಗೆ. ಅದಕ್ಕೇ ಸ್ಕ್ಯಾನ್ ನೋಡಿ ನಿಮ್ಮ ಮಗನಿಗೆ ಚಟ ಇದೆ, ಇಲ್ಲ ಅಂತ ಹೇಳೋಕೆ ಯಾರಿಗೂ ಆಗಲ್ಲ. ತಲೆಗೆ ಪೆಟ್ಟು, ಫಿಟ್ಸ್ ಅಂತ ಬೇರೆ ಕಾರಣ ಇದ್ದು ಡಾಕ್ಟರ್ ಹೇಳಿದರೆ ಮಾತ್ರ ಮಾಡಿಸಿ.

ಇನ್ನು "ಕನೆಕ್ಷನ್ ಕಟ್" ಅನ್ನೋದು. ಈ ಅಧ್ಯಯನಗಳಲ್ಲಿ ಹುಡುಗರನ್ನು ಮೆಷಿನ್ ಒಳಗೆ ಕೆಲವು ನಿಮಿಷ ಸುಮ್ನೆ ಮಲಗಿಸುತ್ತಾರೆ. ಮೆದುಳಿನ ಯಾವ ಭಾಗ ಕೆಲಸ ಮಾಡುತ್ತದೋ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಜಾಸ್ತಿ ಹೋಗುತ್ತದೆ, ಮೆಷಿನ್ ಆ ಏರಿಳಿತವನ್ನು ಹಿಡಿಯುತ್ತದೆ. ದೂರ ದೂರದ ಎರಡು ಭಾಗಗಳ ಏರಿಳಿತ ಒಟ್ಟೊಟ್ಟಿಗೆ ನಡೆದರೆ ಅವೆರಡೂ ಜೊತೆಯಾಗಿ ಕೆಲಸ ಮಾಡುತ್ತಿವೆ ಅಂತ ಲೆಕ್ಕ. ಕನೆಕ್ಟಿವಿಟಿ ಅಂದರೆ ಇಷ್ಟೇ. ಅದು ಕಡಿಮೆ ಅಂತ ಬಂದರೆ ನರ ತುಂಡಾಗಿದೆ ಅಂತ ಅರ್ಥ ಅಲ್ಲ. ರಾತ್ರಿ ನಿದ್ದೆ ಕೆಟ್ಟು ಬಂದು ಮಲಗಿದರೂ, ತಲೆ ಸ್ವಲ್ಪ ಅಲುಗಿದರೂ ಆ ಸಂಖ್ಯೆ ಬದಲಾಗುತ್ತದೆ.

ಹಾಗಂತ ಇದರಲ್ಲಿ ಏನೂ ಇಲ್ಲ ಅಂತಲೂ ನಾನು ಹೇಳ್ತಿಲ್ಲ. ಹಣೆಯ ಹಿಂದಿನ ಪ್ರಿಫ್ರಂಟಲ್ ಭಾಗ, ತಲೆಯ ಹಿಂಬದಿಗೆ ಮೇಲಿರುವ ಪರೈಟಲ್ ಭಾಗ, ಇವು ಸೇರಿ ಎಕ್ಸಿಕ್ಯುಟಿವ್ ಕಂಟ್ರೋಲ್ ನೆಟ್‌ವರ್ಕ್ ಅಂತ ಒಂದಿದೆ. ಮಾಡ್ತಿರೋದನ್ನು ನಿಲ್ಲಿಸೋದು, ಆಸೆಯನ್ನು ತಡೆದುಕೊಳ್ಳೋದು, ನಾಳೆಯ ಟೆಸ್ಟ್ ನೆನಪಿಟ್ಟುಕೊಂಡು ಇವತ್ತು ಫೋನ್ ಇಡೋದು, ಇದೆಲ್ಲಾ ಅದರ ಕೆಲಸ. 2024ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಇಬ್ಬರು 2013ರಿಂದ 2023ರವರೆಗಿನ 12 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಇಂಟರ್‌ನೆಟ್ ಚಟ ಇದೆ ಅಂತ ಗುರುತಿಸಿದ 10ರಿಂದ 19 ವರ್ಷದ 237 ಮಕ್ಕಳು ಅದರಲ್ಲಿದ್ದರು. ಈ ಕಂಟ್ರೋಲ್ ನೆಟ್‌ವರ್ಕಿನ ಒಳಗಿನ ಹೊಂದಾಣಿಕೆ ಒಟ್ಟಾರೆ ಕಡಿಮೆ ಇತ್ತು. ಸುಮ್ನೆ ಕೂತಾಗ ಕೆಲಸ ಮಾಡುವ ಡಿಫಾಲ್ಟ್ ಮೋಡ್ ನೆಟ್‌ವರ್ಕಿನಲ್ಲಿ ಕೆಲವು ಕಡೆ ಜಾಸ್ತಿ, ಕೆಲವು ಕಡೆ ಕಡಿಮೆ. ಅಂದರೆ ವಿಡಿಯೋದವರು ಹೇಳಿದಷ್ಟು ಸಲೀಸಾದ ಕಥೆ ಅಲ್ಲ. 12 ಅಧ್ಯಯನಕ್ಕೆ 237 ಮಕ್ಕಳು ಅಂದರೆ ಒಂದೊಂದರಲ್ಲೂ ಎಷ್ಟು ಕಡಿಮೆ ಜನ ಅಂತ ನೀವೇ ನೋಡಿ.

ಇನ್ನೊಂದು ಮುಖ್ಯ ವಿಷಯ. ಆಟದಿಂದ ಹೀಗಾಯ್ತಾ, ಇಲ್ಲ ಮೊದಲೇ ತಡೆದುಕೊಳ್ಳೋದು ಕಷ್ಟ ಇದ್ದ ಮಕ್ಕಳೇ ಆಟಕ್ಕೆ ಸಿಕ್ಕಿಹಾಕಿಕೊಂಡರಾ? ಒಂದೇ ಸಲ ಸ್ಕ್ಯಾನ್ ಮಾಡಿದರೆ ಇದು ಗೊತ್ತಾಗಲ್ಲ. ಅಮೆರಿಕದಲ್ಲಿ 9-10 ವರ್ಷದ ಸುಮಾರು 2000 ಮಕ್ಕಳ ಮೇಲೆ ನಡೆದ ಅಧ್ಯಯನ 2022ರಲ್ಲಿ ಬಂತು. ದಿನಕ್ಕೆ ಮೂರು ಗಂಟೆ ಅಥವಾ ಜಾಸ್ತಿ ಆಡುವ ಮಕ್ಕಳು ಆಟವೇ ಆಡದ ಮಕ್ಕಳಿಗಿಂತ, ಕೈಯನ್ನು ತಕ್ಷಣ ತಡೆಯುವ ಪರೀಕ್ಷೆಯಲ್ಲಿ ಸ್ವಲ್ಪ ಚೆನ್ನಾಗೇ ಮಾಡಿದ್ದರು. ಆಟಕ್ಕೂ ಚಟಕ್ಕೂ ವ್ಯತ್ಯಾಸ ಇದೆ, ಅದಕ್ಕೆ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರ ಜನವರಿಯಿಂದ ಜಾರಿಗೆ ಬಂದ ರೋಗಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ. ಅದರಲ್ಲಿ ಗಂಟೆಯ ಲೆಕ್ಕವೇ ಇಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯಾ, ಬೇರೆಲ್ಲಕ್ಕಿಂತ ಆಟವೇ ಮುಂದೆ ಬಂದಿದೆಯಾ, ಹಾನಿ ಆಗ್ತಿದ್ದರೂ ಬಿಡದೆ ಆಡ್ತಿದ್ದಾನಾ, ಇದು ಸಾಮಾನ್ಯವಾಗಿ 12 ತಿಂಗಳು ಇದೆಯಾ ಅಂತ ನೋಡುತ್ತಾರೆ. ಇದನ್ನು ಮಾತಾಡಿಸಿ ತಿಳಿಯಬೇಕು, ಮೆಷಿನ್ ಹೇಳಲ್ಲ.

"25ರ ಮೇಲೆ ಸರಿ ಆಗಲ್ಲ" ಅನ್ನೋದು ಪೂರ್ತಿ ತಿರುಚಿದ ಮಾತು. ಪ್ರಿಫ್ರಂಟಲ್ ಭಾಗ ಇಪ್ಪತ್ತರ ವಯಸ್ಸಿನ ಮಧ್ಯದವರೆಗೂ ಬೆಳೆಯುತ್ತಾ ಇರುತ್ತದೆ ಅನ್ನೋದು ನಿಜ. ಖುಷಿ, ಗೆಲುವು, ಬಹುಮಾನಕ್ಕೆ ಓಡುವ ಒಳಗಿನ ಸ್ಟ್ರಯೇಟಮ್ ಭಾಗ ಅದಕ್ಕಿಂತ ಬೇಗ ಚುರುಕಾಗುತ್ತದೆ. 15ರಲ್ಲಿ ಈ ಅಂತರ ಜಾಸ್ತಿ. ಅದರ ಮೇಲೆ ಗೆಳೆಯರು ನೋಡ್ತಿದ್ದಾರೆ ಅಂದರೆ ಈ ವಯಸ್ಸಿನವರಿಗೆ ತಡೆದುಕೊಳ್ಳೋದು ಇನ್ನೂ ಕಷ್ಟ, ಮೂರು ಜನ ಹೆಡ್‌ಫೋನಿನಲ್ಲಿ ಕೂಗ್ತಾ ಇದ್ದರೆ ಕೇಳಬೇಕಾ? ಆದ್ದರಿಂದ ಅವನು "ಆಗಲ್ಲ" ಅಂದಿದ್ದು ನಾಟಕ ಅಲ್ಲ ಅಕ್ಕ. ಆ ಹೊತ್ತಿನಲ್ಲಿ ನಿಜವಾಗಲೂ ಅವನಿಗೆ ಆಗಿರಲ್ಲ. ಆದರೆ ಇನ್ನೂ ಬೆಳೆಯುತ್ತಿರುವ ಭಾಗ ಅಂದರೆ ಅಭ್ಯಾಸದಿಂದ ಬಲ ಬರುತ್ತದೆ ಅಂತಲೂ ಆಯ್ತಲ್ವಾ. ಅದು ಬರುವ ತನಕ ಹೊರಗಿನಿಂದ ನೀವು ಕೈ ಹಿಡಿಯಬೇಕು.

ಮೊದಲು ನಿದ್ದೆ ಸರಿ ಮಾಡಿ. ಈ ವಯಸ್ಸಿಗೆ 8ರಿಂದ 10 ಗಂಟೆ ಬೇಕು. ನಿದ್ದೆ ಕೆಟ್ಟರೆ ಈ ತಡೆಯುವ ಶಕ್ತಿಯೂ ಕೈಕೊಡುತ್ತದೆ.

ತೋಟದಮನೆ ಅಣ್ಣಯ್ಯ

ತಂಗಿ, ಬೇಜಾರು ಮಾಡ್ಕೋಬೇಡಿ. ಇಷ್ಟೆಲ್ಲಾ ನೆಟ್‌ವರ್ಕ್ ಮಾತು ನನಗೆ ಅರ್ಥ ಆಗಲ್ಲ. ಫೋನ್ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿ. ಬೆಳಿಗ್ಗೆ ಆರಕ್ಕೆ ಎಬ್ಬಿಸಿ ತೋಟಕ್ಕೆ ಕರೆದುಕೊಂಡು ಹೋಗಿ, ಕಾಫಿ ಕುಯ್ಲಿನ ಕಾಲದಲ್ಲಿ ನಾವೆಲ್ಲಾ ಸ್ಕೂಲಿನಿಂದ ಬಂದು ಚೀಲ ಹೊತ್ತವರೇ. ಮೈ ದಣಿದರೆ ತಾನಾಗೇ ನಿದ್ದೆ ಬರುತ್ತದೆ. ಅಪ್ಪ ಹೇಳೋದು ಸರಿ ಇದೆ, ಒಂದು ಸಲ ಗಟ್ಟಿಯಾಗಿ ನಿಂತರೆ ಎರಡು ವಾರದಲ್ಲಿ ದಾರಿಗೆ ಬರ್ತಾನೆ. ಮಗು ಅತ್ತಿತು ಅಂತ ನೀವು ಕರಗಿದರೆ ಅವನಿಗೇ ಕಷ್ಟ.

ಕುಶಾಲನಗರದ ಹುಡುಗ

ಆಂಟಿ, ನನಗೆ 20. ನಿಮ್ಮ ಮಗ ಆಡೋ ಥರದ ಆಟವನ್ನೇ ಎಸ್ಸೆಸ್ಸೆಲ್ಸಿ, ಪಿಯುಸಿ ಪೂರ್ತಿ ಆಡಿದವನು ನಾನು, ರಾತ್ರಿ ಮೂರು ಗಂಟೆ ತನಕ. ಅಣ್ಣಯ್ಯ ಅವರ ಮಾತಿಗೆ ಗೌರವ ಕೊಟ್ಟೇ ಹೇಳ್ತೀನಿ, ಕಿತ್ತುಕೊಳ್ಳೋದು ನನ್ನ ವಿಷಯದಲ್ಲಿ ನಡೆಯಲಿಲ್ಲ. ಗೆಳೆಯನ ಹಳೇ ಫೋನ್ ತಂದು ಆಡ್ತಿದ್ದೆ. ಮನೆಯಲ್ಲಿ ಯಾರ ಹತ್ತಿರವೂ ಮಾತಾಡೋದನ್ನೇ ಬಿಟ್ಟಿದ್ದೆ.

ಒಳಗೆ ಏನು ನಡೆಯುತ್ತದೆ ಅಂತ ಹೇಳ್ತೀನಿ, ದೊಡ್ಡವರಿಗೆ ಇದು ಗೊತ್ತಿರಲ್ಲ. ಒಂದು ಮ್ಯಾಚ್ ಅಂದರೆ 25-30 ನಿಮಿಷ. ನಡುವೆ ಪಾಸ್ ಮಾಡೋಕೆ ಬರಲ್ಲ. ಕೊನೆಯ ಹತ್ತು ನಿಮಿಷದಲ್ಲಿ ಆಡೋ ಜಾಗ ಚಿಕ್ಕದಾಗ್ತಾ ಬಂದು ಎಲ್ಲರೂ ಎದುರಾಗ್ತಾರೆ, ಅದೇ ಸಮಯಕ್ಕೆ ವೈಫೈ ಹೋದರೆ ಇವನೊಬ್ಬ ಸೋಲೋದಲ್ಲ, ಉಳಿದ ಮೂರು ಜನರನ್ನೂ ಕೈಬಿಟ್ಟ ಹಾಗೆ. ರ್‍ಯಾಂಕ್ ಇಳಿಯುತ್ತದೆ, ನಾಳೆ ಕ್ಲಾಸಿನಲ್ಲಿ ಬೈಗುಳ. ಅದಕ್ಕೇ ಅವನು ಮಳೆಯಲ್ಲಿ ಮೋರಿ ಹತ್ತಿರ ಓಡೋದು. ಅವನು ನಿಮ್ಮ ಮೇಲೆ ಹಟ ಮಾಡ್ತಿಲ್ಲ ಆಂಟಿ.

ಅದಕ್ಕೆ ಗಂಟೆ ಲೆಕ್ಕ ಬಿಟ್ಟು ಮ್ಯಾಚ್ ಲೆಕ್ಕ ಇಡಿ. ದಿನಕ್ಕೆ ಎರಡು ಮ್ಯಾಚ್, ಕೊನೆಯದು ಒಂಬತ್ತು ಗಂಟೆ ಒಳಗೆ ಶುರು ಆಗಬೇಕು ಅಂತ. ಶುರು ಆಗಿದ್ದನ್ನು ಮುಗಿಸೋಕೆ ಬಿಡಿ, ಇನ್ನೊಂದು ಶುರು ಮಾಡೋಕೆ ಬಿಡಬೇಡಿ. ಮ್ಯಾಚ್ ಮುಗಿದ ತಕ್ಷಣ ಲಾಬಿಯಲ್ಲಿ, ಅಂದರೆ ಮುಂದಿನ ಮ್ಯಾಚಿಗೆ ಟೀಮ್ ಸೇರೋ ಸ್ಕ್ರೀನಿನಲ್ಲಿ, "ಇನ್ನೊಂದು" ಅಂತ ಗೆಳೆಯರು ಕರೆಯೋ ಹತ್ತು ಸೆಕೆಂಡ್ ಇದೆಯಲ್ಲ, ಎಲ್ಲಾ ಸೋಲೋದು ಅಲ್ಲೇ. ಆ ಹೊತ್ತಿಗೆ ನೀವು ಪಕ್ಕದಲ್ಲಿ ಹೋಗಿ ಕೂತಿರಿ, ಬೈಯಬೇಡಿ, ಚಾ ಕೊಟ್ಟು ಕೂತರೂ ಸಾಕು. ನಾನು ಮೊದಲು ಬಿಟ್ಟಿದ್ದು ರ್‍ಯಾಂಕ್ ಮೋಡ್. ಅದು ಹೋದ ಮೇಲೆ ರಾತ್ರಿಯೆಲ್ಲಾ ಕೂರೋ ಒತ್ತಡ ಅರ್ಧ ಕಡಿಮೆ ಆಯ್ತು. ನೋಟಿಫಿಕೇಶನ್ ಎಲ್ಲಾ ಆಫ್ ಮಾಡಿಸಿ. ಟೀಮಿನ ಉಳಿದ ಮೂರು ಹುಡುಗರ ಮನೆಯವರ ಹತ್ತಿರ ಒಂದು ಸಲ ಮಾತಾಡಿ, ನಾಲ್ಕೂ ಮನೆಯಲ್ಲಿ ಒಂದೇ ಸಮಯಕ್ಕೆ ನಿಂತರೆ ಯಾರಿಗೂ ಅವಮಾನ ಇಲ್ಲ.

ಪೊನ್ನಂಪೇಟೆ ಟೀಚರ್

ಈ ಹುಡುಗ ಹೇಳಿದ್ದನ್ನು ಎಲ್ಲಾ ಅಪ್ಪ ಅಮ್ಮಂದಿರೂ ಓದಬೇಕು. ನಾನು ಹೈಸ್ಕೂಲ್ ಟೀಚರ್, ಪ್ರತಿ ಮಳೆಗಾಲ ಮುಗಿದ ಮೇಲೆ ಕ್ಲಾಸಿನಲ್ಲಿ ಇಂಥ ಮುಖಗಳನ್ನು ನೋಡ್ತೀನಿ, ಮೊದಲ ಪೀರಿಯಡ್ಡಿಗೇ ಕಣ್ಣು ಎಳೆಯುತ್ತಿರುತ್ತವೆ.

ನಮ್ಮ ಕೊಡಗಿನ ಕಷ್ಟವೇ ಬೇರೆ. ಬಯಲು ಸೀಮೆಯ ಊರಲ್ಲಾದರೆ ಮನೆಯಿಂದ ಹೊರಗೆ ಕಾಲಿಟ್ಟರೆ ಬೀದಿ, ಬೀದಿ ತುಂಬಾ ಹುಡುಗರು. ಇಲ್ಲಿ ಒಂದೊಂದು ಮನೆ ಒಂದೊಂದು ತೋಟದೊಳಗೆ. ಪಕ್ಕದ ಮನೆಗೆ ಹೋಗಬೇಕು ಅಂದರೂ ಗುಡ್ಡ ಇಳಿದು ಹತ್ತಬೇಕು. ಜೂನಿನಿಂದ ಸೆಪ್ಟೆಂಬರ್ ತನಕ ಮಳೆ, ಜೋರಾದರೆ ಸ್ಕೂಲಿಗೆ ರಜೆ. ಸಿದ್ದಾಪುರದ ಕಡೆ ಸಂಜೆ ಆರರ ಮೇಲೆ ಆನೆ ಭಯಕ್ಕೆ ದೊಡ್ಡವರೇ ಹೊರಗೆ ಬರಲ್ಲ. ಹದಿನೈದು ವರ್ಷದ ಹುಡುಗ ಗೆಳೆಯರ ಜೊತೆ ಸೇರೋದು ಎಲ್ಲಿ? ಅವನಿಗೆ ಆ ಆಟವೇ ಬೀದಿ. ಬರೀ ಕಿತ್ತುಕೊಂಡರೆ ಗೆಳೆಯರನ್ನೂ ಕಿತ್ತುಕೊಂಡ ಹಾಗೆ, ಬದಲಿಗೆ ಏನಾದರೂ ಕೊಡಲೇಬೇಕು. ವಾರದಲ್ಲಿ ಎರಡು ದಿನ ಸ್ಕೂಲ್ ಮುಗಿದ ಮೇಲೆ ಅಲ್ಲೇ ಗ್ರೌಂಡಿನಲ್ಲಿ ಬಿಟ್ಟು, ಕತ್ತಲಾಗೋ ಮೊದಲು ಜೀಪಿನಲ್ಲಿ ಕರೆದುಕೊಂಡು ಬರೋಕೆ ಆಗುತ್ತಾ ನೋಡಿ. ಅಣ್ಣಯ್ಯನವರೇ, ಮೈ ದಣಿಯಬೇಕು ಅನ್ನೋ ನಿಮ್ಮ ಮಾತು ನಾನು ಒಪ್ತೀನಿ. ಶಿಕ್ಷೆಯಾಗಿ ದಣಿಸೋದು ಮಾತ್ರ ಬೇಡ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಇಷ್ಟೊಂದು ಮನೆಗಳ ಮಕ್ಕಳು ಸ್ಟಿಕ್ ಹಿಡಿಯೋದು ಯಾರೋ ಬೈದರು ಅಂತಲ್ಲ, ತಮ್ಮವರ ಜೊತೆ ಆಡೋ ಆಸೆಗೆ. ನಿಮ್ಮ ಹುಡುಗನಿಗೆ ಹಾಕಿ ಇಷ್ಟ ಇಲ್ಲದಿದ್ದರೆ ಫುಟ್‌ಬಾಲ್, ಶಟಲ್, ಚೆಂಡೆ, ಯಾವುದಾದರೂ ಆಗಲಿ, ಜೊತೆಗೆ ಅವನ ವಯಸ್ಸಿನವರು ಇರಬೇಕು ಅಷ್ಟೇ.

ಎಲ್ಲಿ ತೋರಿಸೋದು ಅಂದಿರಲ್ಲ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ, ಮೊದಲು ಅಲ್ಲಿಗೇ ಹೋಗಿ, ಮೈಸೂರಿಗೆ ಓಡಬೇಡಿ. ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಮಂಗಳವಾರ ಮನೋವೈದ್ಯರು ಬರುತ್ತಾರೆ, ನಿಮ್ಮಲ್ಲಿ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲಿ ಕೇಳಿ. ಮಳೆಯಲ್ಲಿ ಹೊರಡೋಕಾಗದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ಕೊಡಬೇಕಾಗಿಲ್ಲ, ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಜಾಸ್ತಿ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಷಟ್ ಕ್ಲಿನಿಕ್ ಅಂತ ಇದಕ್ಕೆಂದೇ ಒಂದು ವಿಭಾಗ ನಡೀತಿದೆ. ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಇದನ್ನು ಮರೀಬೇಡಿ.

ಸಿದ್ದಾಪುರದ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕುಶಾಲನಗರದ ತಮ್ಮ ಬರೆದಿದ್ದನ್ನು ಇವರಿಗೆ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡರು, ಆಮೇಲೆ ಮಗನ ಹತ್ತಿರ ಹೋಗಿ "ಈ ಮ್ಯಾಚ್ ಮುಗಿಯೋಕೆ ಎಷ್ಟೊತ್ತು ಬೇಕು?" ಅಂತ ಕೇಳಿದರು. ಅವನು ತಲೆ ಎತ್ತಿ ನೋಡಿ "ಎಂಟು ನಿಮಿಷ" ಅಂದ. ಹದಿನೈದು ಆಯ್ತು, ಆದರೂ ಬಂದು ಊಟಕ್ಕೆ ಕೂತ.

ಇನ್ನು ಎರಡು ಪ್ರಶ್ನೆ. ಇವರ ಯುಪಿಐಯಿಂದ ಆಟದ ಡ್ರೆಸ್ಸು, ಬಂದೂಕಿನ ಬಣ್ಣ ಅಂತ ದುಡ್ಡು ಹೋಗಿದೆ. 2025ರಲ್ಲಿ ಆನ್‌ಲೈನ್ ಗೇಮಿಗೆ ಕಾನೂನು ಬಂತಲ್ವಾ, ಇದೆಲ್ಲಾ ನಿಂತಿಲ್ವಾ? ಮತ್ತೆ ಡಾಕ್ಟರ್ ಹತ್ತಿರ ಹೋದರೆ ಮಾತ್ರೆ ಕೊಟ್ಟು ಮಂಪರು ಮಾಡ್ತಾರೆ ಅಂತ ನಮ್ಮತ್ತೆ ಹೆದರಿಸ್ತಿದ್ದಾರೆ.

ಗೋಣಿಕೊಪ್ಪದ ಹುಡುಗಿ

ಅಕ್ಕ, ನಿಮ್ಮ ಯಜಮಾನರು ಕೇಳಿದ ಆ ಒಂದು ಪ್ರಶ್ನೆ ಓದಿ ನನಗೆ ತುಂಬಾ ಖುಷಿ ಆಯ್ತು.

2025ರ ಆಗಸ್ಟಿನಲ್ಲಿ ಬಂದ ಕಾನೂನು ತಡೆಯೋದು ದುಡ್ಡು ಕಟ್ಟಿ ದುಡ್ಡು ಗೆಲ್ಲೋ ಆಟಗಳನ್ನು. ಡ್ರೆಸ್ಸು, ಬಂದೂಕಿನ ಬಣ್ಣ ಕೊಳ್ಳೋದು ಅದರಲ್ಲಿ ಬರಲ್ಲ. ಆದ್ದರಿಂದ ನೀವೇ ತಡೀಬೇಕು: ಅವನ ಫೋನಿನ ಪ್ಲೇ ಸ್ಟೋರಿನಿಂದ ಯುಪಿಐ, ಕಾರ್ಡ್ ತೆಗೆದುಹಾಕಿ, ಪಿನ್ ಬದಲಾಯಿಸಿ, ಪ್ರತಿ ಸಲ ಕೊಳ್ಳುವಾಗ ಪಾಸ್‌ವರ್ಡ್ ಕೇಳೋ ಹಾಗೆ ಇಡಿ. ಅವನಿಗೆ ಹೇಳಿಯೇ ಮಾಡಿ, ಕದ್ದು ಮಾಡಬೇಡಿ.

ಮಾತ್ರೆ ವಿಷಯ. ಗೇಮ್ ಚಟಕ್ಕೇ ಅಂತ ಮಂಜೂರಾದ ಮಾತ್ರೆ ಯಾವುದೂ ಇಲ್ಲ. ಡಾಕ್ಟರ್ ಮುಖ್ಯವಾಗಿ ನೋಡೋದು ಇದರ ಹಿಂದೆ ಖಿನ್ನತೆ, ಆತಂಕ, ಇಲ್ಲ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಇದೆಯಾ ಅಂತ. ಎಡಿಎಚ್‌ಡಿ ಇರುವ ಮಕ್ಕಳಿಗೆ ಮೊದಲಿನಿಂದಲೂ ತಡೆದುಕೊಳ್ಳೋದು ಕಷ್ಟ, ಅವರು ಇಂಥ ಆಟಕ್ಕೆ ಜಾಸ್ತಿ ಸಿಕ್ಕಿಕೊಳ್ಳುತ್ತಾರೆ. ಚಿಕ್ಕವನಿದ್ದಾಗಲೇ ಒಂದು ಕಡೆ ಕೂರುತ್ತಿರಲಿಲ್ಲ, ಪುಸ್ತಕ ಕಳೆದುಕೊಂಡು ಬರ್ತಿದ್ದ ಅಂತೆಲ್ಲಾ ಇದ್ದರೆ ಮರೆಯದೆ ಹೇಳಿ. ಅಂಥದ್ದಿದ್ದರೆ ಅದಕ್ಕೆ ಔಷಧಿ ಬೇಕಾಗಬಹುದು, ಅತ್ತೆಗೆ ಹೇಳಿ, ಅದು ಸಾಮಾನ್ಯವಾಗಿ ಮಂಪರು ಮಾಡೋಕೆ ಅಂತ ಕೊಡೋ ಔಷಧಿ ಅಲ್ಲ. ಉಳಿದಂತೆ ಮಾತಿನ ಚಿಕಿತ್ಸೆಯೇ ಮುಖ್ಯ. ಯಾವ ಹೊತ್ತಲ್ಲಿ, ಯಾವ ಯೋಚನೆ ಬಂದಾಗ ಕೈ ಫೋನಿಗೆ ಹೋಗುತ್ತದೆ ಅಂತ ಹುಡುಗನೇ ಗುರುತಿಸಿ, ಆಗ ಬೇರೆ ಏನು ಮಾಡಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳೋದು, ಅದನ್ನು ಪದೇ ಪದೇ ಅಭ್ಯಾಸ ಮಾಡೋದು. ಇಂಥ ಚಿಕಿತ್ಸೆಯ ಮೊದಲು ಮತ್ತು ಆಮೇಲೆ ಸ್ಕ್ಯಾನ್ ಮಾಡಿದ ಕೆಲವು ಅಧ್ಯಯನಗಳಲ್ಲಿ, ಹೆಚ್ಚಾಗಿ ಇಪ್ಪತ್ತು ದಾಟಿದ ಹುಡುಗರಲ್ಲಿ, ನಾನು ಮೇಲೆ ಹೇಳಿದ ಹೊಂದಾಣಿಕೆ ಬದಲಾಗಿದ್ದು ಕಂಡಿದೆ. ಕಟ್ ಆದ ವಯರ್ ಆಗಿದ್ದರೆ ಹಾಗೆ ಬದಲಾಗ್ತಿತ್ತಾ?

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಸಾಯ್ತೀನಿ ಅನ್ನೋ ಮಾತು ಬಂದರೆ, ಕೈ ಕುಯ್ದುಕೊಂಡರೆ, ಊಟ ಸ್ನಾನ ಬಿಟ್ಟು ಬಾಗಿಲು ಹಾಕಿಕೊಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ತೋಟದಲ್ಲಿ ಔಷಧಿ ಹೊಡೆಯೋ ಡಬ್ಬಗಳು ಇದ್ದೇ ಇರುತ್ತವೆ, ಅವನ್ನು ಈಗಲೇ ಬೀಗದ ಒಳಗೆ ಇಡಿ. ಅವನಿಗೆ ಹಾಗಾಗುತ್ತದೆ ಅಂತಲ್ಲ, ಹದಿಹರೆಯದವರು ಇರುವ ಎಲ್ಲಾ ಮನೆಗೂ ಹೇಳೋ ಮಾತು ಇದು.

ಮಡಿಕೇರಿಗೆ ಹೋಗೋ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಒಂದೆರಡು ವಾರ ಬರೆದಿಡಿ. ಎಷ್ಟೊತ್ತಿಗೆ ಮಲಗಿದ, ಎದ್ದ, ಎಷ್ಟು ಮ್ಯಾಚ್ ಆಡಿದ, ನಿಲ್ಲಿಸು ಅಂದಾಗ ಏನಾಯ್ತು, ಯಾವ ದಿನ ತಾನಾಗೇ ನಿಲ್ಲಿಸಿದ, ಆ ದಿನ ಏನು ಬೇರೆ ಇತ್ತು. ಆಗಲಿ ಅಂದರೆ ಅವನ ಕೈಯಲ್ಲೇ ಬರೆಸಿ. ಡಾಕ್ಟರಿಗೆ ಯಾವ ಸ್ಕ್ಯಾನಿಗಿಂತಲೂ ಆ ನೋಟ್‌ಬುಕ್ ಜಾಸ್ತಿ ಕೆಲಸಕ್ಕೆ ಬರುತ್ತದೆ. ಹೋಗಿ ಬಂದ ಮೇಲೆ ಇಲ್ಲೇ ಬರೀರಿ ಅಕ್ಕ, ನೋಡ್ತಾ ಇರ್ತೀನಿ.